ಹದಿನಾಲ್ಕನೇ ನಂಬರಿನ ಹೊಟ್ಟೆಕಿಚ್ಚು

ನಾನು ಕಬ್ಬಿಣ ಹೆರೆಯುವಾಗ ಬೀಳುವ ಭಾರವನ್ನು ಅಳೆಯುವ ಒಂದು ಮೀಟರು. ಲೇತ್ ಯಂತ್ರದಲ್ಲಿ ಲೋಹದ ಸರಳು ಗಿರಗಿರನೆ ತಿರುಗುತ್ತಿರುತ್ತದೆ. ಅದನ್ನು ಹೆರೆಯುವ ಉಳಿಗೆ ಟೂಲ್ ಎನ್ನುತ್ತಾರೆ. ಆ ಟೂಲಿನ ಮೇಲೆ ಎಷ್ಟು ಕಿಲೋ ಒತ್ತಡ ಬೀಳುತ್ತಿದೆ ಎಂದು ಹೇಳುವುದು ನನ್ನ ಕೆಲಸ. ಕಾಗದಪತ್ರಗಳಲ್ಲಿ ನನ್ನ ಹೆಸರು ಡೈನಮೋಮೀಟರ್, ನಂಬರ್ ಹದಿನಾಲ್ಕು. ಗಾತ್ರ ಒಂದು ಇಟ್ಟಿಗೆಯಷ್ಟು, ತೂಕ ಹನ್ನೊಂದು ಕಿಲೋ. ಗುಣ ಕೇಳುತ್ತೀರಾದರೆ, ನನ್ನಷ್ಟು ಹೊಟ್ಟೆಕಿಚ್ಚಿನ ವಸ್ತು ಇಡೀ ಹುಬ್ಬಳ್ಳಿಯಲ್ಲಿ ಇನ್ನೊಂದು ಇರಲಾರದು. ಅದನ್ನು ಮುಚ್ಚಿಟ್ಟು ಹೇಳಿದರೆ ನನ್ನ ಕಥೆಯಲ್ಲಿ ಏನೂ ಉಳಿಯುವುದಿಲ್ಲ.

ನಾನು ಹುಟ್ಟಿದ್ದು ಬೆಂಗಳೂರಿನ ಪೀಣ್ಯದ ಒಂದು ತಗಡಿನ ಶೆಡ್ಡಿನಲ್ಲಿ, ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ. ಮೊದಲು ನಾನು ಒಂದು ಉಕ್ಕಿನ ಗಟ್ಟಿ. ನನ್ನನ್ನು ನಾಲ್ಕೂ ಕಡೆ ಚೌಕ ಮಾಡಿದರು, ಮೈಯಲ್ಲಿ ದೊಡ್ಡ ತೂತುಗಳನ್ನು ಕೊರೆದರು, ತೂತಿನ ಸುತ್ತ ಗೋಡೆ ತೆಳ್ಳಗೆ ಉಳಿಯುವಂತೆ ನೋಡಿಕೊಂಡರು. ಭಾರ ಬಿದ್ದರೆ ಆ ತೆಳು ಗೋಡೆ ಕೂದಲೆಳೆಗಿಂತ ಕಡಿಮೆ ಬಾಗುತ್ತದೆ. ಆಮೇಲೆ ಫಿಲೋಮಿನಾ ಎಂಬ ಹೆಂಗಸಿನ ಮೇಜಿಗೆ ಬಂದೆ. ಆಕೆಯ ಕೆಲಸ ಗೇಜ್ ಅಂಟಿಸುವುದು. ಗೇಜ್ ಎಂದರೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ತೆಳು ಹಾಳೆಯ ಚೂರು. ಅದರೊಳಗೆ ಸಣ್ಣ ತಂತಿ ಮಡಚಿ ಮಡಚಿ ಕೂತಿರುತ್ತದೆ. ನಾನು ಬಾಗಿದರೆ ಆ ತಂತಿ ಹಿಗ್ಗುತ್ತದೆ, ಹಿಗ್ಗಿದ್ದು ಕರೆಂಟಿಗೆ ಗೊತ್ತಾಗುತ್ತದೆ, ಕೇಬಲ್ಲಿನ ತುದಿಯ ಪೆಟ್ಟಿಗೆಯಲ್ಲಿ ಕೆಂಪು ಅಂಕಿ ಮೂಡುತ್ತದೆ. ಇಷ್ಟೇ ನನ್ನ ವಿದ್ಯೆ.

ಫಿಲೋಮಿನಾ ಒಂದೊಂದು ಗೇಜನ್ನೂ ಚಿಮಟದಲ್ಲಿ ಹಿಡಿದು ನನ್ನ ಮೈಗೆ ಇಟ್ಟು, ಹೆಬ್ಬೆರಳಿನಿಂದ ಒತ್ತಿ ಹಿಡಿದು, ತುಟಿಯಲ್ಲೇ ಅರವತ್ತರವರೆಗೆ ಎಣಿಸುತ್ತಿದ್ದಳು. ಒಟ್ಟು ಎಂಟು ಗೇಜುಗಳು. ಅಂಟು ಒಣಗಿದ ಮೇಲೆ ನೀರು ಹೋಗದಂತೆ ರಬ್ಬರಿನಂಥ ಲೇಪ ಬಳಿದಳು. ಕೊನೆಗೆ ನನ್ನನ್ನು ಒಂದು ಚೌಕಟ್ಟಿಗೆ ಬಿಗಿದು, ಹತ್ತು ಕಿಲೋ, ಇಪ್ಪತ್ತು ಕಿಲೋ ಎಂದು ನೂರರವರೆಗೂ ತೂಕದ ಬಟ್ಟುಗಳನ್ನು ನೇತುಹಾಕಿ, ಪ್ರತಿ ತೂಕಕ್ಕೂ ನಾನು ಏನು ಹೇಳುತ್ತೇನೆ ಎಂದು ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಟ್ಟಳು. ಚುಕ್ಕಿಗಳನ್ನು ಸೇರಿಸಿದಾಗ ಗೆರೆ ದಾರ ಎಳೆದಷ್ಟು ನೆಟ್ಟಗೆ ಬಂತು.

"ಸಾರ್, ನೋಡಿ ಇಲ್ಲಿ, ಹದಿಮೂರಕ್ಕಿಂತ ಹದಿನಾಲ್ಕೇ ಚೆನ್ನಾಗಿ ಬಂದಿದೆ," ಎಂದಳು ಮಾಲೀಕರಿಗೆ.

"ಚೆನ್ನಾಗಿದ್ರೆ ಏನ್ ಮಾಡೋದಮ್ಮ? ಮದ್ರಾಸಿನೋರು ಮೊದಲು ಕೇಳಿದ್ದು. ಹದಿಮೂರು ಅಲ್ಲಿಗೆ ಹೋಗಲಿ, ಇದನ್ನ ಹುಬ್ಬಳ್ಳಿಗೆ ಪ್ಯಾಕ್ ಮಾಡು," ಎಂದರು ಅವರು.

ನನ್ನ ಹೊಟ್ಟೆಕಿಚ್ಚು ಹುಟ್ಟಿದ್ದು ಆ ಘಳಿಗೆಯಲ್ಲಿ. ನನಗಿಂತ ಡೊಂಕು ಗೆರೆಯ ಹದಿಮೂರನೆಯದು ಸಮುದ್ರದ ಪಕ್ಕದ ದೊಡ್ಡ ಸಂಸ್ಥೆಗೆ ಹೋಗಿ ಗಾಜಿನ ಕೋಣೆಯಲ್ಲಿ ಕೂರುತ್ತದೆ. ನಾನು ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಲಾರಿ ಹತ್ತುತ್ತೇನೆ. ದಾವಣಗೆರೆ ದಾಟುವವರೆಗೂ ಅದನ್ನೇ ಶಪಿಸುತ್ತಿದ್ದೆ.

ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪಿನಲ್ಲಿ ನನಗೊಂದು ಬೀಗ ಹಾಕುವ ಕಪಾಟು ಸಿಕ್ಕಿತು. ಪ್ರಾಕ್ಟಿಕಲ್ ಇದ್ದ ದಿನ ನನ್ನನ್ನು ಹೊರತೆಗೆದು ಲೇತಿಗೆ ಕಟ್ಟುತ್ತಿದ್ದರು. ಟೂಲ್ ನನ್ನ ಬಾಯಿಯಲ್ಲಿ. ಸರಳು ತಿರುಗಿ ಟೂಲಿಗೆ ತಾಗಿದೊಡನೆ ಎಂಬತ್ತು ಕಿಲೋ ನನ್ನ ಮೇಲೆ ಬಂದು ಕೂರುತ್ತಿತ್ತು. ಆದರೆ ಹುಡುಗರೆಲ್ಲ ನೋಡುತ್ತಿದ್ದುದು ನನ್ನನ್ನಲ್ಲ, ಆ ಕೆಂಪು ಅಂಕಿಯ ಪೆಟ್ಟಿಗೆಯನ್ನು. ಭಾರ ಹೊರುವವನು ನಾನು, ಹೆಸರು ಅದಕ್ಕೆ. ಮೊದಲ ಎರಡು ವರ್ಷ ನಾನು ಪೆಟ್ಟಿಗೆಯ ಮೇಲೆ ಉರಿದುಕೊಂಡೆ. ಆಮೇಲೆ ಅದಕ್ಕೂ ಪುರುಸೊತ್ತು ಸಿಗದಂತೆ ಮಾಡಿದವನು ದಾವಲಸಾಬ.

ದಾವಲಸಾಬ ವರ್ಕ್‌ಶಾಪಿನ ಟರ್ನರ್, ಎಂದರೆ ಲೇತ್ ನಡೆಸುವವನು. ಹಳೇ ಹುಬ್ಬಳ್ಳಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ. ತೆಳ್ಳಗಿನ ಆಳು, ಉದ್ದ ಬೆರಳು, ಎಡಗೈಯನ್ನು ಯಾವಾಗಲೂ ಯಂತ್ರದ ಮೇಲೆ ಇಟ್ಟುಕೊಂಡಿರುತ್ತಿದ್ದ. ಸರಳು ಹೆರೆಯತೊಡಗಿದರೆ ಅವನ ತಲೆ ತುಸು ವಾಲುತ್ತಿತ್ತು. ದನಿ ಕೇಳುತ್ತಿದ್ದ, ಬೀಳುವ ಸುರುಳಿ ಚೂರು ಹಳದಿಯೋ ನೀಲಿಯೋ ಎಂದು ನೋಡುತ್ತಿದ್ದ, ಆಮೇಲೆ ಹೇಳುತ್ತಿದ್ದ.

"ಎಂಬತ್ತರ ಹತ್ತಿರ ಹೊಂಟೈತಿ ನೋಡ್ರಪಾ. ಫೀಡ್ ಕಮ್ಮಿ ಮಾಡ್ರಿ, ಟೂಲ್ ಸಾವಕಾಶ ಮುಂದ ಹೋಗಲಿ."

ಹುಡುಗರು ಪೆಟ್ಟಿಗೆ ನೋಡಿದರೆ ಎಂಬತ್ತೆರಡು. ಹೋ ಎಂದು ಚಪ್ಪಾಳೆ. "ಕಾಕಾ, ನಿಮ್ಮ ಕೈಯಾಗ ಮೀಟರ್ ಐತೇನ್ರಿ?" ಎಂದು ಅವನ ಬೆನ್ನು ಹತ್ತುತ್ತಿದ್ದರು. ಎಂಬತ್ತೆರಡು ಎಂದು ಕರಾರುವಾಕ್ಕಾಗಿ ಹೇಳಿದವನು ನಾನು. ಹತ್ತಿರ ಎಂದು ಹೇಳಿದವನು ಅವನು. ಚಪ್ಪಾಳೆ ಅವನಿಗೆ! ಎಂಟು ಗೇಜುಗಳಿದ್ದರೂ ಒಂದು ನಾಲಿಗೆ ಇಲ್ಲವಲ್ಲ ಎಂದು ಮೈ ಪರಚಿಕೊಳ್ಳುವಷ್ಟು ಸಿಟ್ಟು ಬರುತ್ತಿತ್ತು.

ಒಂದೇ ಒಂದು ದಿನ ಮಾತ್ರ ನನಗೆ ತಂಪಾಯಿತು. ಎರಕದ ಒಂದು ಒರಟು ಸರಳನ್ನು ಕಟ್ಟಿದ್ದರು. ಅವನು ಅರವತ್ತು ಎಂದ, ನಾನು ಎಪ್ಪತ್ನಾಲ್ಕು ಎಂದೆ. ತೂಕ ಹಾಕಿ ಪರೀಕ್ಷಿಸಿದಾಗ ನನ್ನದೇ ಸರಿ ಎಂದಾಯಿತು.

"ಕಾಕಾ, ಇವತ್ತ ಮೀಟರ್ ಗೆದ್ದಿತು," ಎಂದು ಹುಡುಗರು ನಕ್ಕರು.

"ಗೆಲ್ಲಲಿ ಬಿಡ್ರಿ. ಅದಕ್ಕ ಅದೊಂದೇ ಕೆಲಸ, ನನಗ ಹತ್ತು ಕೆಲಸ," ಎಂದು ಅವನೂ ನಕ್ಕ. ಆದರೆ ಅವನ ಮುಖ ಕೆಂಪಾಗಿದ್ದನ್ನು ನಾನು ಕೆಳಗಿನಿಂದ ನೋಡಿದೆ. ಒಂದು ವಾರ ನನಗೆ ಕಪಾಟಿನ ಕತ್ತಲೆಯೂ ಹಿತವಾಗಿತ್ತು.

ಹೀಗೆ ವರ್ಷಗಳು ಹೋದವು. ಬಂದ ಹುಡುಗರು ಹೋದರು, ಪ್ರೊಫೆಸರುಗಳು ಬದಲಾದರು. ಉಳಿದವರು ನಾವಿಬ್ಬರೇ. ಇಂದುಮತಿ ಹೂಲಿ ಎಂಬ ಹುಡುಗಿ ಮೊದಲು ವಿದ್ಯಾರ್ಥಿನಿಯಾಗಿ ಬಂದಳು. ಆ ತರಗತಿಯಲ್ಲಿ ಮೂವರೇ ಹುಡುಗಿಯರು. ಉಳಿದಿಬ್ಬರು ಎಣ್ಣೆ ಸಿಡಿಯುತ್ತದೆಂದು ದೂರ ನಿಂತರೆ, ಇವಳು ಲೇತಿನ ಪಕ್ಕದಲ್ಲೇ ನಿಂತು ನನ್ನ ಅಂಕಿಗಳನ್ನು ನೀಟಾಗಿ ಬರೆದುಕೊಳ್ಳುತ್ತಿದ್ದಳು. ಮುಂದೆ ಅದೇ ಕಾಲೇಜಿಗೆ ಲೆಕ್ಚರರ್ ಆಗಿ ಬಂದಳು. ಆಮೇಲೆ ಪಿಎಚ್‌ಡಿಗೆ ಹೆಸರು ನೋಂದಾಯಿಸಿದಳು. ವಾಲ್ವ್ ತಯಾರಿಸುವವರು ಬಳಸುವ ಒಂದು ಗಡಸು ಸ್ಟೇನ್‌ಲೆಸ್ ಉಕ್ಕನ್ನು ಯಾವ ವೇಗದಲ್ಲಿ, ಯಾವ ಟೂಲಿನಲ್ಲಿ ಹೆರೆದರೆ ಕಡಿಮೆ ಬಲ ಸಾಕು ಎಂಬುದು ಅವಳ ವಿಷಯ. ಎಂದರೆ ಅವಳ ಇಡೀ ಥೀಸಿಸ್ಸು ನನ್ನ ಮಾತಿನ ಮೇಲೆ ನಿಂತಿತ್ತು.

ಅದು ಸುಲಭವಾಗಿ ಸಾಗಲಿಲ್ಲ. ಮೊದಲ ಗೈಡ್ ತೀರಿಕೊಂಡರು. ಎರಡನೆಯವರು ಕೆಲಸ ಬಿಟ್ಟು ಹೋದರು. ಆ ಉಕ್ಕಿನ ಸರಳುಗಳು ಬರುವುದಕ್ಕೇ ಎರಡು ವರ್ಷ ಹಿಡಿಯಿತು. ಎಂಟನೇ ವರ್ಷದಲ್ಲಿ ವಿಶ್ವವಿದ್ಯಾಲಯದಿಂದ ಪತ್ರ ಬಂತು. ಅದನ್ನು ಹಿಡಿದುಕೊಂಡೇ ಅವಳು ವರ್ಕ್‌ಶಾಪಿಗೆ ಬಂದಳು.

"ಕಾಕಾ, ಮಾರ್ಚ್ ಮೂವತ್ತೊಂದು ಕಡೀ ದಿನಾ ಅಂತ. ಅದು ದಾಟಿದ್ರ ರಿಜಿಸ್ಟ್ರೇಶನ್ ರದ್ದು. ಎಂಬತ್ತೊಂದು ಟೆಸ್ಟ್ ಮಾಡೂದೈತ್ರಿ."

"ಮಾಡೂಣ್ರಿ ಮೇಡಮ್ಮಾರ. ನಾ ಮೇ ತಿಂಗಳಾಗ ರಿಟಾಯರ್ ಆಗಾಂವ. ನಿಮ್ಮದು ಮುಗಿಸೇ ಹೊಕ್ಕೀನಿ," ಎಂದ ದಾವಲಸಾಬ.

ಆಗಸ್ಟಿನಲ್ಲಿ ನನ್ನನ್ನು ಲೇತಿಗೆ ಕಟ್ಟಿದರು. ಅದಕ್ಕೂ ಮೊದಲು ತೂಕ ನೇತುಹಾಕಿ ಪರೀಕ್ಷೆ ಮಾಡಿದರು. ಇಪ್ಪತ್ಮೂರು ವರ್ಷದ ಮೇಲೂ ನನ್ನ ಗೆರೆ ನೆಟ್ಟಗಿತ್ತು. ದಸರಾ ಹೊತ್ತಿಗೆ ಇಪ್ಪತ್ತೇಳು ಟೆಸ್ಟ್ ಮುಗಿದಿದ್ದವು.

ಇಲ್ಲಿ ನನ್ನ ಇನ್ನೊಂದು ಸಂಕಟ ಹೇಳಬೇಕು. ನಮ್ಮಲ್ಲಿ ಆಯುಧ ಪೂಜೆಗೆ ಖಂಡೇಪೂಜೆ ಎನ್ನುತ್ತಾರೆ. ಆ ದಿನ ವರ್ಕ್‌ಶಾಪಿನ ಎಲ್ಲ ಯಂತ್ರಗಳನ್ನೂ ಸೀಮೆಎಣ್ಣೆಯಲ್ಲಿ ಒರೆಸಿ, ವಿಭೂತಿ ಎಳೆದು, ಕುಂಕುಮ ಇಟ್ಟು, ಚೆಂಡುಹೂವಿನ ಮಾಲೆ ಹಾಕುತ್ತಿದ್ದರು. ನಮಾಜು ತಪ್ಪಿಸದ ದಾವಲಸಾಬ ಖಂಡೇಪೂಜೆಯನ್ನೂ ತಪ್ಪಿಸುತ್ತಿರಲಿಲ್ಲ. ಕುಂಬಳಕಾಯಿ ತರುವವನೂ ಅವನೇ, ಮಾಲೆ ಕಟ್ಟಿಸುವವನೂ ಅವನೇ. ಲೇತಿಗೆ ಪೂಜೆ, ಡ್ರಿಲ್ಲಿಗೆ ಪೂಜೆ, ಸಾಮಾನು ಬಿಗಿದು ಹಿಡಿಯುವ, ತುಕ್ಕು ಹಿಡಿದ ವೈಸಿಗೂ ಪೂಜೆ. ನಾನು ಮಾತ್ರ ಅಳತೆಯ ಸಾಮಾನು ಎಂದು ಕಪಾಟಿನೊಳಗೆ. ಇಪ್ಪತ್ಮೂರು ದಸರಾಗಳನ್ನು ನಾನು ಬಾಗಿಲ ಸಂದಿಯಿಂದ ಬರುವ ಊದುಬತ್ತಿಯ ವಾಸನೆಯಲ್ಲೇ ಕಳೆದೆ. ಸುತ್ತಿಗೆಗೂ ಸಿಕ್ಕ ಕುಂಕುಮ ನನಗಿಲ್ಲ.

ಆ ವರ್ಷ ಟೆಸ್ಟು ನಡುವೆ ನಿಂತಿದ್ದರಿಂದ ನಾನು ಲೇತಿನ ಮೇಲೇ ಇದ್ದೆ. ದಾವಲಸಾಬ ಹಸಿ ಬಟ್ಟೆ ಹಿಡಿದು ಬಂದ. ಲೇತು ಒರೆಸಿದ. ಬಟ್ಟೆ ಹಿಂಡಿ ನನ್ನ ಕಡೆ ತಿರುಗಿದ.

"ಇದೂ ನಮ್ಮದೇ ಅಲ್ಲೇನ್ರಿ ಮೇಡಮ್ಮಾರ? ಇದಕ್ಕೂ ಹಚ್ಚೂಣ," ಎಂದ.

"ಹಚ್ರಿ ಕಾಕಾ. ಈ ಸಲ ಅದರ ಕೈಯಾಗ ಐತಿ ನನ್ನ ಬಾಳೇವು," ಎಂದು ಇಂದುಮತಿ ನಕ್ಕಳು.

ಅವನು ನನ್ನನ್ನು ಹಸಿ ಬಟ್ಟೆಯಿಂದ ಒರೆಸಿದ. ಮೂರೆಳೆ ವಿಭೂತಿ, ನಡುವೆ ಕುಂಕುಮ. ತಂಬಿಗೆಯಿಂದ ನೀರು ತೆಗೆದು ಮೂರು ಸಲ ಚಿಮುಕಿಸಿದ. ನೀರಲ್ಲಿ ಅದ್ದಿಟ್ಟ ಚೆಂಡುಹೂವಿನ ದಪ್ಪ ಮಾಲೆಯನ್ನು ನನ್ನ ಮೈಗೆ ಸುತ್ತಿದ. ಬೇರೆ ಯಾವ ದಿನವಾದರೂ ನನ್ನ ಹತ್ತಿರ ಒಂದು ಚಹಾದ ಲೋಟ ಇಟ್ಟವನನ್ನು ಅವನೇ ಬೈದು ಓಡಿಸುತ್ತಿದ್ದ. ಆದರೆ ಪೂಜೆಯ ನೀರನ್ನು ಅಲ್ಲಿ ಯಾರೂ ನೀರೆಂದು ಎಣಿಸಲಿಲ್ಲ. ಅವಳು ಫೋಟೋ ತೆಗೆದಳು, ಎಲ್ಲರೂ ಕೈ ಮುಗಿದರು, ಬಾಗಿಲು ಹಾಕಿಕೊಂಡು ರಜೆಗೆ ಹೋದರು. ನಾನು ಹಿಗ್ಗಿಹೋಗಿದ್ದೆ.

ಮಾಲೆ ನಾಲ್ಕು ದಿನ ನನ್ನ ಮೇಲೇ ಇತ್ತು. ಫಿಲೋಮಿನಾ ಬಳಿದಿದ್ದ ರಬ್ಬರು ಲೇಪಕ್ಕೂ ಇಪ್ಪತ್ಮೂರು ವರ್ಷವಾಗಿತ್ತು. ಅದರಲ್ಲಿ ಎರಡು ಕಡೆ ಸೀಳು ಬಿಟ್ಟಿತ್ತು. ತೊಟ್ಟಿಕ್ಕಿದ ನೀರು ಸೀಳಿನೊಳಗೆ ಇಳಿಯಿತು. ಮೂರನೇ ದಿನ ಎರಡು ಗೇಜುಗಳ ಅಂಟು ಮೆತ್ತಗಾದದ್ದು ನನಗೆ ತಿಳಿಯಿತು. ಕಾಲು ಜೋಮು ಹಿಡಿದಾಗ ನೆಲ ತಾಗಿದ್ದೂ ತಾಗದಂತಾಗುತ್ತದಲ್ಲ, ಹಾಗೆ.

ರಜೆ ಮುಗಿಸಿ ಬಂದು ಇಂದುಮತಿ ಪೆಟ್ಟಿಗೆಯ ಗುಂಡಿ ತಿರುಗಿಸಿ ಸೊನ್ನೆಗೆ ತಂದಳು. ಇಪ್ಪತ್ತೆಂಟನೇ ಟೆಸ್ಟು ಶುರುವಾಯಿತು. ನನ್ನ ಮೇಲೆ ಬಿದ್ದದ್ದು ಎಪ್ಪತ್ತೈದು ಕಿಲೋಗೆ ಕಡಿಮೆ ಇರಲಿಲ್ಲ. ಪೆಟ್ಟಿಗೆಯಲ್ಲಿ ಮೂಡಿದ್ದು ಐವತ್ತೊಂಬತ್ತು.

ದಾವಲಸಾಬನ ತಲೆ ವಾಲಿತು. ಎಡಗೈಯನ್ನು ಲೇತಿನ ಮೇಲೆ ಒಂದೆರಡು ಕಡೆ ಇಟ್ಟು ನೋಡಿದ.

"ಮೇಡಮ್ಮಾರ, ಇದು ಇಷ್ಟು ಹಗುರ ಇಲ್ರಿ. ಎಪ್ಪತ್ತರ ಮ್ಯಾಲಿನ ದನಿ ಇದು. ಒಮ್ಮೆ ತೂಕ ಹಾಕಿ ನೋಡೂಣೇನ್ರಿ?"

ಇಂದುಮತಿ ಗೋಡೆಯ ಕ್ಯಾಲೆಂಡರ್ ನೋಡಿದಳು. ತೂಕ ಹಾಕಬೇಕೆಂದರೆ ನನ್ನನ್ನು ಬಿಚ್ಚಬೇಕು, ಚೌಕಟ್ಟಿಗೆ ಕಟ್ಟಬೇಕು, ಮತ್ತೆ ತಂದು ಲೇತಿಗೆ ಹೊಂದಿಸಬೇಕು. ಮೂರು ದಿನದ ಕೆಲಸ.

"ಆಗಸ್ಟ್‌ನ್ಯಾಗ ಹಾಕೇವಲ್ರಿ ಕಾಕಾ. ಸೊನ್ನಿಗೆ ಬರಾಕತ್ತೈತಿ, ಮತ್ತೇನಾಗಬೇಕು? ಕಿವಿಲೆ ಕೇಳಿದ್ದು ಥೀಸಿಸ್‌ನ್ಯಾಗ ಬರಿಯಾಕ ಬರೂದಿಲ್ರಿ."

"ಹೌದ್ರಿ, ಖರೇ ಐತಿ," ಎಂದು ಅವನು ಹಿಂದೆ ಸರಿದ.

ಆ ಕ್ಷಣದ ನನ್ನ ಸಂತೋಷ ಹೇಗೆ ಹೇಳಲಿ? ಇಪ್ಪತ್ಮೂರು ವರ್ಷದಲ್ಲಿ ಮೊದಲ ಬಾರಿಗೆ ಒಬ್ಬರು, ತೂಕ ಹಾಕಿ ನೋಡದೆಯೇ, ಅವನ ಕಿವಿಯನ್ನು ತಳ್ಳಿ ನನ್ನ ಮಾತನ್ನು ಎತ್ತಿಕೊಂಡಿದ್ದರು. ನಾನು ಹೇಳಿದ್ದು ಸುಳ್ಳು ಎಂಬುದು ನನಗೆ ಗೊತ್ತಿತ್ತು. ನಿನಗೆ ನಾಲಿಗೆ ಇಲ್ಲವಲ್ಲ, ನೀನೇನು ಮಾಡಲಾಗುತ್ತಿತ್ತು ಎಂದು ನೀವು ಕೇಳಬಹುದು. ಮಾಡಬಹುದಿತ್ತು. ಒಳಗೆ ಕೆಟ್ಟಿರುವ ಮೀಟರು ಸೊನ್ನೆಯಲ್ಲಿ ನಿಲ್ಲುವುದಿಲ್ಲ. ಹಾಗೇ ಬಿಟ್ಟರೆ ಅದು ಎರಡು, ನಾಲ್ಕು ಎಂದು ಅಲೆಯುತ್ತದೆ, ನೋಡಿದವರಿಗೆ ಅನುಮಾನ ಬರುತ್ತದೆ. ನಾನು ಅಲೆಯಲು ಬಿಡಲಿಲ್ಲ. ಇದ್ದ ಆರು ಒಳ್ಳೆಯ ಗೇಜುಗಳ ಬಲದಲ್ಲಿ ಹಲ್ಲು ಕಚ್ಚಿ ಸೊನ್ನೆಯನ್ನು ಹಿಡಿದು ನಿಂತೆ. ಅವಳು ನಂಬಲಿ ಎಂದು. ಅವನು ಇನ್ನಷ್ಟು ಹಿಂದೆ ಸರಿಯಲಿ ಎಂದು.

ಅಕ್ಟೋಬರ್ ಹೋಯಿತು, ನವೆಂಬರ್ ಹೋಯಿತು. ದಿನವೂ ನಾಲ್ಕು ಗಂಟೆ ಲೇತು ತಿರುಗುತ್ತಿತ್ತು. ಅವಳು ನನ್ನ ಸುಳ್ಳುಗಳನ್ನು ದುಂಡಗಿನ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದಳು. ಬಲ ಇಷ್ಟು ಕಡಿಮೆ ಬರುತ್ತಿರುವುದು ಒಳ್ಳೆಯ ಫಲಿತಾಂಶವೆಂದು ಅವಳಿಗೆ ಉತ್ಸಾಹವೂ ಬಂದಿತ್ತು. ದಾವಲಸಾಬ ತಲೆ ತಗ್ಗಿಸಿ ಹಿಡಿಕೆ ತಿರುಗಿಸುತ್ತಿದ್ದ. ಮತ್ತೆ ಒಂದು ದಿನವೂ ಎಷ್ಟು ಭಾರ ಎಂದು ಹೇಳಲಿಲ್ಲ. ಎಡಗೈಯನ್ನು ಯಂತ್ರದ ಮೇಲೆ ಇಡುವುದನ್ನೂ ಬಿಟ್ಟ. ನಾನು ಸೋಲಿಸಿದೆ ಎಂದುಕೊಂಡೆ.

ಸಂಕ್ರಮಣ ಕಳೆದ ವಾರ ಎಪ್ಪತ್ನಾಲ್ಕನೇ ಟೆಸ್ಟು. ಪೆಟ್ಟಿಗೆಯಲ್ಲಿ ಐವತ್ತೆರಡು ಎಂದು ನಾನು ತೋರಿಸುತ್ತಿದ್ದಾಗಲೇ ಟೂಲಿನ ತುದಿ ಪಟ್ಟನೆ ಮುರಿದು ಹಾರಿತು. ಆ ವಾರದಲ್ಲಿ ಅದು ಮೂರನೆಯದು. ದಾವಲಸಾಬ ಯಂತ್ರ ನಿಲ್ಲಿಸಿದ. ಮುರಿದ ಚೂರನ್ನು ಎತ್ತಿ ಅಂಗೈಯಲ್ಲಿಟ್ಟು ಅವಳಿಗೆ ತೋರಿಸಿದ.

"ಐವತ್ತೆರಡಕ್ಕ ಈ ತುದಿ ಮುರಿಯೂದಿಲ್ರಿ. ಕೈ ಮುಗೀತೀನಿ ಮೇಡಮ್ಮಾರ, ಇವತ್ತ ತೂಕ ಹಾಕೂಣು."

ಹಾಕಿದರು. ಐವತ್ತು ಕಿಲೋ ನೇತುಹಾಕಿದಾಗ ನಾನು ಮೂವತ್ತೊಂಬತ್ತು ಎಂದೆ. ಅವಳು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. ನೋಡನೋಡುತ್ತಲೇ ಅದು ಮೂವತ್ತೆಂಟಾಯಿತು, ಮೂವತ್ತೇಳಾಯಿತು. ಅಂಟು ಜಾರುತ್ತಿತ್ತು, ಇನ್ನು ಹಲ್ಲು ಕಚ್ಚಿದರೂ ಪ್ರಯೋಜನವಿರಲಿಲ್ಲ. ಲೇಪ ಕೆರೆದು ನೋಡಿದಾಗ ಸೀಳಿನೊಳಗೆ ಕುಂಕುಮದ ಕೆಂಪು ಕಾಣಿಸಿತು.

"ತಪ್ಪು ನಂದ್ರಿ," ಎಂದ ದಾವಲಸಾಬ. "ನಾ ಹಾಕಿದ ನೀರು."

"ಹಚ್ರಿ ಅಂದಾಕಿ ನಾನು," ಎಂದಳು ಇಂದುಮತಿ. ಅಷ್ಟೇ. ಸ್ಟೂಲಿನ ಮೇಲೆ ಕೂತಳು. ನಲವತ್ತೇಳು ಟೆಸ್ಟು ಹಾಳಾಗಿದ್ದವು, ಇನ್ನೂ ಏಳು ಬಾಕಿ ಇದ್ದವು, ಕೈಯಲ್ಲಿ ಹತ್ತು ವಾರ ಇತ್ತು.

ಸ್ವಲ್ಪ ಹೊತ್ತಿನ ಮೇಲೆ ಅವಳು ಕ್ಯಾಲ್ಕುಲೇಟರ್ ತೆಗೆದುಕೊಂಡು ಪುಸ್ತಕ ಬಿಡಿಸಿದಳು. ಐವತ್ತನ್ನು ಮೂವತ್ತೊಂಬತ್ತರಿಂದ ಭಾಗಿಸಿದಳು. ಬಂದದ್ದನ್ನು ಹಳೆಯ ಅಂಕಿಗಳಿಗೆ ಗುಣಿಸುತ್ತಾ ಪೆನ್ಸಿಲಿನಲ್ಲಿ ಪಕ್ಕಕ್ಕೆ ಬರೆಯತೊಡಗಿದಳು. ಅರ್ಧ ಪುಟ ಬರೆದಳು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ದಾವಲಸಾಬ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. ಆಮೇಲೆ ಅವಳು ಪೆನ್ಸಿಲ್ ಇಟ್ಟಳು.

"ಇದು ಒಂದೊಂದು ದಿನ ಒಂದೊಂದು ಹೇಳಿರತೈತ್ರಿ ಕಾಕಾ. ಯಾವ ದಿನ ಎಷ್ಟು ಅಂತ ಹೆಂಗ ಗುಣಸಲಿ?" ಎಂದು ಕೆಂಪು ಪೆನ್ನು ತೆಗೆದು, ನಲವತ್ತೇಳು ಟೆಸ್ಟುಗಳ ಮೇಲೂ ಒಂದೊಂದಾಗಿ ಅಡ್ಡಗೆರೆ ಎಳೆದಳು. ಗೀಚುವ ಸದ್ದು ನನಗೆ ಕೇಳುತ್ತಿತ್ತು.

ಮುಂದಿನ ವಾರ ಬೇರೆ ಊರಿನ ದೊಡ್ಡ ಕಾಲೇಜಿನಿಂದ ಎರವಲಾಗಿ ಹೊಸ ಮೀಟರು ಬಂತು, ಅಲ್ಲ, ಅವಳು ಬಂದಳು. ಹೌದು, ಅವಳು ಎಂದೇ ಕರೆಯುತ್ತೇನೆ. ಸವತಿಗೆ ಇನ್ನೇನು ಹೇಳಲಿ? ಬೆಳ್ಳನೆಯ ಸೂಟ್‌ಕೇಸು, ಒಳಗೆ ಮೆತ್ತನೆ ಹಾಸಿಗೆ. ಅವಳೊಳಗೆ ಅಂಟೂ ಇಲ್ಲ, ತಂತಿಯೂ ಇಲ್ಲ. ಒತ್ತಿದರೆ ತಾನೇ ಕರೆಂಟು ಹುಟ್ಟಿಸುವ ಹರಳು. ನಾನು ಎರಡು ದಿಕ್ಕಿನ ಬಲ ಹೇಳಿದರೆ ಅವಳು ಮೂರು ದಿಕ್ಕಿನದು ಹೇಳುತ್ತಾಳೆ. ನೀರಿಗೆ ಜಗ್ಗುವುದಿಲ್ಲ. ನನ್ನನ್ನು ಬಿಚ್ಚಿ ಕಿಟಕಿಯ ಹಲಗೆಯ ಮೇಲಿಟ್ಟು, ನನ್ನ ಜಾಗದಲ್ಲಿ ಅವಳನ್ನು ಕಟ್ಟಿದರು. ನಾನು ಅಲ್ಲಿಂದ ಎಲ್ಲವನ್ನೂ ನೋಡಿದೆ. ದಾವಲಸಾಬ ಎಡಗೈಯನ್ನು ಮತ್ತೆ ಯಂತ್ರದ ಮೇಲೆ ಇಟ್ಟ. "ಎಪ್ಪತ್ತರ ಮ್ಯಾಲೆ ಐತ್ರಿ," ಎಂದ. ಹರಳಿನವಳು ಎಪ್ಪತ್ನಾಲ್ಕು ಎಂದಳು. ಇಬ್ಬರಿಗೂ ಎಷ್ಟು ಬೇಗ ಹೊಂದಿಕೆಯಾಯಿತು! ಇಂದುಮತಿಯ ಮುಖದಲ್ಲಿ ಬಣ್ಣ ಬಂತು. ಇಬ್ಬರ ಮೇಲೂ ಏಕಕಾಲಕ್ಕೆ ಉರಿಯುವುದು ಹೇಗೆಂದು ಆ ಏಳು ವಾರದಲ್ಲಿ ಕಲಿತೆ.

ಅವರು ಭಾನುವಾರವೂ ಬಂದರು. ಶುಕ್ರವಾರ ಅವನು ನಮಾಜಿಗೆ ಹೋಗಿ ಬರುವವರೆಗೆ ಇಂದುಮತಿ ಮುಂದಿನ ಸರಳು ಸಿದ್ಧ ಮಾಡಿಡುತ್ತಿದ್ದಳು. ಐವತ್ನಾಲ್ಕು ಟೆಸ್ಟು ಮುಗಿದವು. ಮೊದಲಿನ ಇಪ್ಪತ್ತೇಳರಲ್ಲಿ ಐದನ್ನು ಮತ್ತೆ ಮಾಡಿ ನೋಡಿದಳು. ಮಾರ್ಚ್ ಮೂವತ್ತರ ಮಧ್ಯಾಹ್ನ ಥೀಸಿಸ್ಸು ವಿಶ್ವವಿದ್ಯಾಲಯ ಸೇರಿತು.

ಥೀಸಿಸ್ಸಿನ ಮೌಖಿಕ ಪರೀಕ್ಷೆ ಮರುವರ್ಷ ಜನವರಿಯಲ್ಲಿ. ಸೆಮಿನಾರ್ ಹಾಲಿನ ಮೇಜಿನ ಮೇಲೆ ನಮ್ಮಿಬ್ಬರನ್ನೂ ಇಟ್ಟಿದ್ದರು. ಮತ್ತೆ ಎರವಲು ತಂದ ಹರಳಿನವಳು ಬಲಕ್ಕೆ, ನಾನು ಎಡಕ್ಕೆ. ಬೆಂಗಳೂರಿನಿಂದ ಬಂದ ಪರೀಕ್ಷಕರು ತುಂಬ ಹೊತ್ತು ಪುಟ ತಿರುವಿದರು. ಕೊನೆಯ ಸಾಲಿನಲ್ಲಿ ದಾವಲಸಾಬ ಬಿಳಿ ಅಂಗಿ ಹಾಕಿಕೊಂಡು ಕೂತಿದ್ದ. ನಿವೃತ್ತನಾಗಿ ಎಂಟು ತಿಂಗಳಾಗಿತ್ತು.

"ಈ ಹಳೇ ಮೀಟರ್ ಮೂರು ತಿಂಗಳು ಸುಳ್ಳು ಹೇಳಿದೆ, ನಿಮಗೆ ತಿಳಿಯಲಿಲ್ಲ. ಹಾಗಾದರೆ ಮೊದಲ ಇಪ್ಪತ್ತೇಳು ಟೆಸ್ಟನ್ನಾದರೂ ನಾ ಯಾಕೆ ನಂಬಬೇಕು?" ಎಂದರು ಪರೀಕ್ಷಕರು. ಇಂದುಮತಿಯ ಎಂಟು ವರ್ಷದ ಕೆಲಸ ಆ ಪ್ರಶ್ನೆಗೆ ನೇತುಬಿದ್ದಿತ್ತು.

ಇಂದುಮತಿ ಮತ್ತೆ ಮಾಡಿದ ಐದು ಟೆಸ್ಟುಗಳ ಅಂಕಿಗಳನ್ನು ಪರದೆಯ ಮೇಲೆ ತೋರಿಸಿದಳು. ಹಳೆಯದಕ್ಕೂ ಹೊಸದಕ್ಕೂ ನೂರಕ್ಕೆ ಮೂರಕ್ಕಿಂತ ಹೆಚ್ಚು ವ್ಯತ್ಯಾಸವಿರಲಿಲ್ಲ. ಪರೀಕ್ಷಕರು ತಲೆಯಾಡಿಸಿದರು, ಆದರೆ ಬಿಡಲಿಲ್ಲ.

"ಇನ್ನೊಂದು. ವ್ಯತ್ಯಾಸವನ್ನು ಟರ್ನರ್ ಅಕ್ಟೋಬರ್‌ನಲ್ಲೇ ಗಮನಿಸಿದರು ಅಂತ ನೀವೇ ಬರೆದಿದ್ದೀರಿ. ತೂಕ ಹಾಕಿದ್ದು ಜನವರಿಯಲ್ಲಿ. ಯಾಕೆ?"

"ಅವರು ಹೇಳಿದ್ದರು ಸರ್. ನಾನು ಕೇಳಲಿಲ್ಲ," ಎಂದಳು.

ಪರೀಕ್ಷಕರು ಕೊನೆಯ ಸಾಲಿನತ್ತ ನೋಡಿದರು. "ನೀವೇ ಅಲ್ವಾ? ಗೊತ್ತಿದ್ದ ಮೇಲೆ ಮತ್ತೆ ಮತ್ತೆ ಹೇಳಬೇಕಿತ್ತಲ್ಲ?"

ದಾವಲಸಾಬ ಎದ್ದು ನಿಂತ. ಏನು ಹೇಳುತ್ತಾನೆಂದು ನಾನು ಕಾದೆ. ನನ್ನನ್ನು ಹಳಿಯುತ್ತಾನೆ ಎಂದುಕೊಂಡೆ. ಹಳಿಯಲು ಅವನಿಗೆ ಹಕ್ಕಿತ್ತು.

"ಒಂದು ಸಲ ಹೇಳಿದೆ ಸರ್. ಆಮ್ಯಾಲೆ ನನಗ ನನ್ನ ಮ್ಯಾಲೆ ಸಂಶೆ ಬಂತ್ರಿ," ಎಂದ. "ಇಪ್ಪತ್ಮೂರು ವರ್ಷ ಈ ಮೀಟರ್ ಕಟ್ಟೀನ್ರಿ ನಾನು. ನಾ ಎಂಬತ್ತರ ಹತ್ತಿರ ಅನ್ನಾಂವ, ಇದು ಎಂಬತ್ತೆರಡು ಅಂತಿತ್ತು. ಹುಡುಗೂರು ಚಪ್ಪಾಳಿ ನನಗ ಹೊಡಿತಿದ್ರು, ಬುಕ್ಕಿನ್ಯಾಗ ಬರಕೊಳ್ಳೂದು ಇದು ಹೇಳಿದ್ದು. ಖರೇ ಹೇಳತೀನ್ರಿ, ನನಗ ಇದರ ಮ್ಯಾಲೆ ಭಾಳ ಹೊಟ್ಟಿಕಿಚ್ಚಿತ್ತು. ಇದು ಒಮ್ಮೆರ ತಪ್ಪಲಿ ಅಂತ ಮನಸಿನ್ಯಾಗ ಬೇಡಿಕೊಂಡಾಂವ ನಾನು. ಅಂಥಾದ್ರಾಗ, ಇದು ತಪ್ಪು ಹೇಳಾಕತ್ತೈತಿ ಅಂತ ನನ್ನ ಕಿವಿ ಹೇಳಿದ್ರ ಹೆಂಗ ನಂಬಲಿ? ಹೊಟ್ಟಿಕಿಚ್ಚಿಗೆ ಹಂಗ ಕೇಳಸಾಕತ್ತೈತಿ ಅಂದಕೊಂಡು ಸುಮ್ಮನಾದೆ. ತುದಿ ಮುರದಾಗ ಗೊತ್ತಾತು. ತುದಿಗೆ ಹೊಟ್ಟಿಕಿಚ್ಚು ಇರೂದಿಲ್ಲಲ್ರಿ."

ಪರೀಕ್ಷಕರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಆಮೇಲೆ ಒಂದು ಕಾಗದಕ್ಕೆ ಸಹಿ ಮಾಡಿ, ಎದ್ದು ಇಂದುಮತಿಯ ಕೈ ಕುಲುಕಿದರು. ಅವಳು ಅವರಿಂದ ಕೈ ಬಿಡಿಸಿಕೊಂಡು ನೆಟ್ಟಗೆ ಕೊನೆಯ ಸಾಲಿಗೆ ನಡೆದಳು, ದಾವಲಸಾಬನ ಕಾಲು ಮುಟ್ಟಲು ಬಗ್ಗಿದಳು. "ಏ ಏ, ಬ್ಯಾಡ್ರಿ, ಡಾಕ್ಟರ್ ಆಗೀರಿ," ಎಂದು ಅವನು ಹಿಂದೆ ಸರಿದು ಕುರ್ಚಿಗೆ ತಾಗಿ ಬೀಳುವವನಿದ್ದ.

ಈಗ ನಾನು ವರ್ಕ್‌ಶಾಪಿನ ಮೂಲೆಯ ಗಾಜಿನ ಕಪಾಟಿನಲ್ಲಿದ್ದೇನೆ. ಗೇಜುಗಳು ಕಾಣಲಿ ಎಂದು ನನ್ನ ಒಂದು ಮಗ್ಗುಲನ್ನು ಕೊಯ್ದು ತೆರೆದಿಟ್ಟಿದ್ದಾರೆ. ಕಾಲೇಜು ಒಂದು ಹರಳಿನವಳನ್ನು ಸ್ವಂತಕ್ಕೇ ಕೊಂಡಿದೆ. ಅವಳು ಕೆಲಸ ಮಾಡುವ ದನಿ ಇಲ್ಲಿಗೆ ಕೇಳಿಸುತ್ತದೆ. ಡಾಕ್ಟರ್ ಇಂದುಮತಿ ಈಗ ವಿಭಾಗದ ಮುಖ್ಯಸ್ಥೆ. ಪ್ರತಿ ವರ್ಷ ಹೊಸ ಹುಡುಗರನ್ನು ಕರೆತಂದು ನನ್ನನ್ನು ತೋರಿಸುತ್ತಾಳೆ. ನೀರು ಬಿದ್ದು ಅಂಟು ಬಿಟ್ಟ ಕಥೆ ಹೇಳುತ್ತಾಳೆ. ನನ್ನ ತಪ್ಪೆಂದು ಹೇಳುವುದಿಲ್ಲ. ನಾನು ಹಲ್ಲು ಕಚ್ಚಿ ಸೊನ್ನೆಯನ್ನು ಹಿಡಿದು ನಿಂತದ್ದು ಅವಳಿಗೆ ಗೊತ್ತಿಲ್ಲ. ಅದನ್ನು ನಿಮಗಷ್ಟೇ ಹೇಳಿದ್ದೇನೆ.

ದಾವಲಸಾಬ ತೀರಿಕೊಂಡು ನಾಲ್ಕು ವರ್ಷವಾಯಿತು. ಎಂಬತ್ತೆರಡನ್ನು ಎಂಬತ್ತೆರಡು ಎನ್ನುವುದು ನನಗೆ ಬರುತ್ತಿತ್ತು, ಅವನಿಗೆ ಬರುತ್ತಿರಲಿಲ್ಲ. ಅದನ್ನು ಈಗಲೂ ಬಿಟ್ಟುಕೊಡಲಾರೆ. ಆದರೆ ತನ್ನೊಳಗೆ ಕಿಚ್ಚು ಇದೆ ಎಂದು ತಿಳಿದಿದ್ದರಿಂದಲೇ ಅವನು ತನ್ನ ಕಿವಿಯನ್ನು ಅನುಮಾನಿಸಿದ. ಅದೇ ಕಿಚ್ಚು ನನ್ನೊಳಗೂ ಇತ್ತು. ಅಂಕಿ ಸುಳ್ಳೆಂದು ಗೊತ್ತಿದ್ದೂ ಮೂರು ತಿಂಗಳಲ್ಲಿ ಒಂದು ಘಳಿಗೆಯೂ ನಾನು ಆ ಕಿಚ್ಚನ್ನು ಅನುಮಾನಿಸಲಿಲ್ಲ. ಅವನ ಕಿವಿಯ ಮೇಲೆ, ಅವನ ಚಪ್ಪಾಳೆಯ ಮೇಲೆ ನನಗೀಗ ಹೊಟ್ಟೆಕಿಚ್ಚಿಲ್ಲ. ಅವನ ಆ ಅನುಮಾನದ ಮೇಲೆ ಇದೆ.